ರಾಜಕಾರಣ, ಸಂಸ್ಕೃತಿ ಒಂದೇ ಮೈಕಿನ ಮುಂದೆ ಕೂರಲಿ: ಪ್ರಸಾರ ಭಾರತಿಗೆ ಕನ್ನಡ ಕೇಳುಗರ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಪ್ರಸಾರ ಭಾರತಿ ಮಂಡಳಿ, ನವದೆಹಲಿ

ಮೂಲಕ: ಮುಖ್ಯಸ್ಥರು, ಆಕಾಶವಾಣಿ, ರಾಜಭವನ ರಸ್ತೆ, ಬೆಂಗಳೂರು

ವಿಷಯ: ಕರ್ನಾಟಕದ ಆಕಾಶವಾಣಿ ನಿಲಯಗಳಲ್ಲಿ ರಾಜಕಾರಣ ಮತ್ತು ಸಂಸ್ಕೃತಿ ಕೂಡುವ ವಿಷಯಗಳ ಮೇಲೆ ನೇರ ಸಂವಾದ ಕಾರ್ಯಕ್ರಮ ಆರಂಭಿಸುವುದು, ಹಳೆಯ ಧ್ವನಿಮುದ್ರಣಗಳನ್ನು ಸಾರ್ವಜನಿಕರಿಗೆ ತೆರೆಯುವುದು ಹಾಗೂ ಇವಕ್ಕೆ ಸಂಬಂಧಿಸಿದ ಬೇಡಿಕೆಗಳು.

ಮಾನ್ಯರೇ,

ಈ ಪತ್ರಕ್ಕೆ ಸಹಿ ಹಾಕಿರುವ ನಾವು ಆಕಾಶವಾಣಿಯ ಕೇಳುಗರು. ನಮ್ಮಲ್ಲಿ ಶಿಕ್ಷಕರಿದ್ದಾರೆ, ನೇಕಾರರಿದ್ದಾರೆ, ಬರಹಗಾರರಿದ್ದಾರೆ, ರಾತ್ರಿಪಾಳಿಯ ಕಾವಲುಗಾರರಿದ್ದಾರೆ, ಕಣ್ಣು ಕಾಣದ ಕಾರಣಕ್ಕೆ ಬಾನುಲಿಯನ್ನೇ ಪತ್ರಿಕೆ ಮಾಡಿಕೊಂಡವರಿದ್ದಾರೆ. ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವವರೂ ಇದ್ದೇವೆ. ನಮ್ಮನ್ನು ಒಂದೆಡೆ ತಂದಿರುವುದು ಒಂದೇ ಕೊರಗು. ಕನ್ನಡ ನಾಡಿನ ದೊಡ್ಡ ಜಗಳಗಳೆಲ್ಲ ರಾಜಕಾರಣವೂ ಹೌದು, ಸಂಸ್ಕೃತಿಯೂ ಹೌದು. ಆದರೆ ನಮ್ಮ ಬಾನುಲಿಯಲ್ಲಿ ಈ ಎರಡೂ ಒಂದೇ ಕೋಣೆಯಲ್ಲಿ ಕೂತು ಮಾತಾಡುವುದನ್ನು ಕೇಳುವ ಅವಕಾಶ ತೀರಾ ಅಪರೂಪ.

ಈಗಿನ ವ್ಯವಸ್ಥೆ ಹೀಗಿದೆ: ರಾಜಕಾರಣ ಸುದ್ದಿ ವಿಭಾಗಕ್ಕೆ, ಸಾಹಿತ್ಯ ಮತ್ತು ಕಲೆ ಕಾರ್ಯಕ್ರಮ ವಿಭಾಗಕ್ಕೆ. ಪ್ರದೇಶ ಸಮಾಚಾರದಲ್ಲಿ ಸಚಿವರು ಬರುತ್ತಾರೆ, ಚುನಾವಣೆಯ ಹೊತ್ತಿಗೆ ಮಾನ್ಯತೆ ಪಡೆದ ಪಕ್ಷಗಳಿಗೆ ಹಂಚಿದ ಸಮಯದಲ್ಲಿ ಪಕ್ಷದ ವಕ್ತಾರರು ಬರುತ್ತಾರೆ. ಬೆಳಗಿನ ಚಿಂತನದಲ್ಲಿ, ಕವಿಗೋಷ್ಠಿಯಲ್ಲಿ ಸಾಹಿತಿಗಳು ಬರುತ್ತಾರೆ. ಸಚಿವರಿಗೆ ಸಾಹಿತಿ ಪ್ರಶ್ನೆ ಕೇಳುವುದು, ಸಾಹಿತಿಗೆ ರೈತ ಸಂಘದ ಕಾರ್ಯಕರ್ತ ಎದುರು ಮಾತಾಡುವುದು, ಇಬ್ಬರಿಗೂ ಒಬ್ಬ ಕಾಲೇಜು ವಿದ್ಯಾರ್ಥಿನಿ ಅಡ್ಡ ಬರುವುದು ನಡೆಯುವುದಿಲ್ಲ. ಭಾಷಣಕಾರರಿಂದ ಲಿಖಿತ ಪ್ರತಿಯನ್ನು ಮೊದಲೇ ತರಿಸಿ, ಓದಿ, ಒಪ್ಪಿದ ಮೇಲೆ ಧ್ವನಿಮುದ್ರಿಸುವ ಹಳೆಯ ಪದ್ಧತಿ ಭಾಷಣಕ್ಕೆ ಹೊಂದುತ್ತದೆ. ಸಂವಾದಕ್ಕೆ ಅದು ಹೊಂದುವುದಿಲ್ಲ. ಎದುರಿನವರ ಮಾತು ಕೇಳಿ ತನ್ನ ಮಾತನ್ನು ಬದಲಿಸಿಕೊಳ್ಳುವ ಅವಕಾಶವಿದ್ದಾಗ ಮಾತ್ರ ಅದು ಸಂವಾದ.

ಕನ್ನಡದ ಬಾನುಲಿಗೆ ಈ ಬೇಡಿಕೆ ಹೊರಗಿನದಲ್ಲ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಎಂಬ ಹೆಸರಿನ ನಿಲಯವನ್ನು ತಮ್ಮ ಮನೆಯಲ್ಲೇ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಸರ್ಕಾರಿ ಪ್ರಚಾರಾಧಿಕಾರಿಯಾಗಿರಲಿಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಧಾರವಾಡದ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿನ ನಿಲಯ 1950ರಲ್ಲಿ ಆರಂಭವಾದಾಗ ಧಾರವಾಡ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಕನ್ನಡಿಗರು ಹಲವು ಆಡಳಿತಗಳ ಕೆಳಗೆ ಹಂಚಿಹೋಗಿದ್ದ ಕಾಲ ಅದು. ಏಕೀಕರಣ ಆದದ್ದು 1956ರಲ್ಲಿ. ಅಂದರೆ ನಕಾಶೆಯ ಗೆರೆ ಬದಲಾಗುವ ಮೊದಲೇ ಧಾರವಾಡದ ಕನ್ನಡ ದನಿ ಗೆರೆಯಾಚೆಯ ಮನೆಗಳನ್ನೂ ಮುಟ್ಟತೊಡಗಿತ್ತು. ಹಾಡು, ನಾಟಕ, ಭಾಷಣಗಳ ಮೂಲಕವೇ ಆದರೂ ಅದು ರಾಜಕೀಯದ ಕೆಲಸವೂ ಆಗಿತ್ತು. ಮುಂದೆ ದ. ರಾ. ಬೇಂದ್ರೆ ಆ ನಿಲಯದ ಸಲಹೆಗಾರರಾದರು. ಎನ್ಕೆ ಕುಲಕರ್ಣಿಯವರಂಥ ಬರಹಗಾರರು ಅಲ್ಲಿ ಕಾರ್ಯಕ್ರಮ ಕಟ್ಟಿದರು. ಬೆಂಗಳೂರು ನಿಲಯದಲ್ಲಿ ಎ. ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಹಳ್ಳಿಯ ಮಾತಿನಲ್ಲೇ ಕೇಳುಗರ ಜೊತೆ ಹರಟಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಸರ್ಕಾರಿ ಯೋಜನೆಯ ಸುದ್ದಿ ಕೂಡ ಆ ಮಾತಿನಲ್ಲಿ ಪ್ರಶ್ನೆಗೆ ಒಳಗಾಗುವಂತೆ ಕೇಳುತ್ತಿತ್ತು.

ಆದರೆ ನಾಡು ನಿಜವಾಗಿ ಬಿಸಿಯಾದಾಗ ಬಾನುಲಿ ಹಿಂಜರಿದದ್ದೂ ನಮಗೆ ನೆನಪಿದೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಮಾತು ಅವರ ಮಂತ್ರಿಸ್ಥಾನ ಕಳೆಯಿತು. ದಲಿತ ಯುವಕರು ಬೀದಿಗೆ ಇಳಿದರು, ಏಟು ತಿಂದರು, ಅದರ ಬೆನ್ನಿಗೇ ಒಂದು ಚಳವಳಿ, ಒಂದು ಹೊಸ ಸಾಹಿತ್ಯ ಹುಟ್ಟಿತು. ಆ ಚಳವಳಿ ಕಟ್ಟಿದ ಬಿ. ಕೃಷ್ಣಪ್ಪನವರು ಪಾಠ ಹೇಳುತ್ತಿದ್ದದ್ದು ಭದ್ರಾವತಿಯಲ್ಲಿ. ಅದೇ ಊರಿನಲ್ಲಿ ಆಕಾಶವಾಣಿ ನಿಲಯವೂ ಇತ್ತು. ಒಬ್ಬ ಮಂತ್ರಿಯ ಮಾತು ಸಾಹಿತ್ಯ ವಿಮರ್ಶೆಯೋ ರಾಜಕಾರಣವೋ ಎಂದು ಇಡೀ ರಾಜ್ಯ ವಾದಿಸುತ್ತಿದ್ದಾಗ ಸಾರ್ವಜನಿಕ ಬಾನುಲಿ ಆ ವಾದಕ್ಕೆ ಎಲ್ಲರಿಗೂ ಸಲ್ಲುವ ವೇದಿಕೆ ಆಗಬೇಕಿತ್ತು. ತುರ್ತುಪರಿಸ್ಥಿತಿಯಲ್ಲಂತೂ ಆಕಾಶವಾಣಿ ಆಳುವವರ ದನಿಯಷ್ಟೇ ಆಯಿತು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಬಂಧನದಲ್ಲಿದ್ದ ಒಬ್ಬ ಕಲಾವಿದೆಯ ನೋವು ರಾಜಕೀಯ ಸುದ್ದಿಯೋ ಸಾಂಸ್ಕೃತಿಕ ಸುದ್ದಿಯೋ ಎಂದು ವಿಂಗಡಿಸಲು ಸಾಧ್ಯವೇ?

ಅಂಥ ದಿನಗಳು ಮರಳಬಾರದೆಂದೇ ಬಿ. ಜಿ. ವರ್ಗೀಸ್ ಸಮಿತಿ 1978ರಲ್ಲಿ ಸ್ವಾಯತ್ತ ಪ್ರಸಾರ ಸಂಸ್ಥೆಯನ್ನು ಶಿಫಾರಸು ಮಾಡಿತು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಬಂತು, 1997ರಲ್ಲಿ ಜಾರಿಯಾಯಿತು. ನಡುವೆ 1995ರಲ್ಲಿ ಸುಪ್ರೀಂ ಕೋರ್ಟ್, ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ನೀಡಿತು. ಕಾಯ್ದೆಯ 12ನೇ ಸೆಕ್ಷನ್ ತಮ್ಮ ಮೇಲೆ ಎರಡು ಹೊಣೆಗಳನ್ನು ಹೊರಿಸಿದೆ. ಸಾರ್ವಜನಿಕ ಮಹತ್ವದ ಎಲ್ಲ ವಿಷಯಗಳಲ್ಲಿ ಪರಸ್ಪರ ವಿರುದ್ಧ ಅಭಿಪ್ರಾಯಗಳನ್ನೂ ಒಳಗೊಂಡ ಸಮತೂಕದ ಮಾಹಿತಿಯನ್ನು ಜನರಿಗೆ ಕೊಡಬೇಕು. ದೇಶದ ನಾನಾ ಪ್ರದೇಶಗಳ ಭಾಷೆ, ಸಂಸ್ಕೃತಿಗಳಿಗೆ ಸಾಕಷ್ಟು ಜಾಗ ಕೊಡಬೇಕು. ಇವೆರಡನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿ ಕೈತೊಳೆದುಕೊಳ್ಳುವುದು ಕಾಯ್ದೆಯ ಆಶಯವಾಗಿರಲಾರದು. ಕನ್ನಡದಲ್ಲಿ ಇವೆರಡೂ ಒಂದೇ ವಿಷಯ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಶಾಲೆಯಲ್ಲಿ ಯಾವುದು ಮೊದಲ ಭಾಷೆ ಎಂಬ ಪ್ರಶ್ನೆ 1982ರ ಗೋಕಾಕ್ ಚಳವಳಿಯಲ್ಲಿ ರಾಜ್ಯವನ್ನೇ ಕಲಕಿತು. ಸಾಹಿತಿಗಳು ಹಚ್ಚಿದ ಕಿಡಿ ಡಾ. ರಾಜ್‌ಕುಮಾರ್ ಸೇರಿದಾಗ ಊರೂರಿಗೆ ಹಬ್ಬಿತು. 2022ರಲ್ಲಿ ಶಾಲಾ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದ ಎದ್ದಾಗ ಯಾವ ಪಾಠ ಸೇರಿಸಬೇಕು, ಯಾವುದನ್ನು ಬಿಡಬೇಕು, ಬಸವಣ್ಣನವರನ್ನು ಮಕ್ಕಳಿಗೆ ಹೇಗೆ ಹೇಳಬೇಕು ಎಂದು ಮಠಗಳಿಂದ ವಿಧಾನಸೌಧದವರೆಗೆ ಮಾತು ನಡೆಯಿತು. 2015ರ ಆಗಸ್ಟ್ 30ರಂದು ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಬೆಂಗಳೂರಿನಲ್ಲಿ ಕೊಂದರು. ಒಬ್ಬರು ವಚನಗಳ ಪಾಠಾಂತರ ನೋಡುತ್ತಾ ಬದುಕು ಸವೆಸಿದವರು, ಇನ್ನೊಬ್ಬರು ಪತ್ರಿಕೆ ನಡೆಸಿದವರು. ಶಾಸನ, ವಚನಗಳ ಓದು ಪ್ರಾಣಕ್ಕೆ ಎರವಾಗುವ ನಾಡಿನಲ್ಲಿ ಸಂಸ್ಕೃತಿಯ ಮಾತನ್ನು ರಾಜಕಾರಣದಿಂದ ದೂರವಿಟ್ಟು ನಿರುಪದ್ರವಿಯಾಗಿ ನಡೆಸುತ್ತೇವೆ ಎಂದರೆ, ಆ ಮಾತೇ ಸುಳ್ಳಾಗುತ್ತದೆ.

ಇವನ್ನೆಲ್ಲ ಟಿವಿ ಚಾನೆಲುಗಳು ಚರ್ಚಿಸುತ್ತಿವೆಯಲ್ಲ ಎಂದು ತಾವು ಕೇಳಬಹುದು. ಅಲ್ಲಿ ಆರು ಮುಖಗಳನ್ನು ಕೂರಿಸಿ ಒಂದು ವಾಕ್ಯವನ್ನೂ ಪೂರ್ತಿಯಾಗಲು ಬಿಡದಿರುವುದು ನಮಗೆ ಗೊತ್ತು. ಬಾನುಲಿಯಲ್ಲಿ ಮುಖ ಕಾಣದು. ಕೇಳುಗನ ಗಮನ ಮಾತಿನ ಮೇಲೆ ಮಾತ್ರ. ಮಗ್ಗದ ಮುಂದೆ, ಅಡುಗೆಮನೆಯಲ್ಲಿ, ಹೊಲದ ಬದುವಿನಲ್ಲಿ ಕೆಲಸ ಮಾಡುತ್ತಲೇ ಕೇಳಬಹುದು. ಮೌನಕ್ಕೂ ಅಲ್ಲಿ ಬೆಲೆ ಇದೆ. ಕಿರುಚಾಡಿದರೆ ಬಾನುಲಿಯಲ್ಲಿ ಏನೂ ಕೇಳಿಸುವುದಿಲ್ಲ. ಹಾಗಾಗಿ ಮಾತು ತಾನಾಗಿಯೇ ಸಾವಧಾನಕ್ಕೆ ಬರುತ್ತದೆ. ಖಾಸಗಿ ಎಫ್‌ಎಂ ನಿಲಯಗಳು 2001ರಿಂದ ಬೆಂಗಳೂರಿನಲ್ಲಿವೆ, ಆದರೆ ಅವುಗಳಿಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ. ಸಿನಿಮಾ ಹಾಡು, ಹರಟೆ, ಜಾಹೀರಾತುಗಳೇ ಅವುಗಳ ಬಂಡವಾಳ. ಸಮುದಾಯ ಬಾನುಲಿಗಳಿಗೂ ಅದೇ ಕಟ್ಟು. ಹೀಗಾಗಿ ಬಾನುಲಿಯಲ್ಲಿ ಈ ಕೆಲಸ ಮಾಡಬಲ್ಲವರು ತಾವು ಮಾತ್ರ.

ನಮ್ಮ ಪ್ರಮುಖ ಬೇಡಿಕೆ ಇದು. ಬೆಂಗಳೂರು, ಧಾರವಾಡ, ಕಲಬುರಗಿ, ಮೈಸೂರು, ಮಂಗಳೂರು, ಭದ್ರಾವತಿ ನಿಲಯಗಳು ಸೇರಿ ವಾರಕ್ಕೊಮ್ಮೆ ಒಂದು ಗಂಟೆಯ ನೇರ ಸಂವಾದ ಪ್ರಸಾರ ಮಾಡಬೇಕು, ಉಳಿದ ನಿಲಯಗಳು ಅದನ್ನು ಮರುಪ್ರಸಾರ ಮಾಡಬೇಕು. ಕೇಳುಗರು ಮನೆಗೆ ಮರಳಿದ ಹೊತ್ತು, ಸಂಜೆ ಅಥವಾ ಭಾನುವಾರ ಬೆಳಿಗ್ಗೆ, ಇದಕ್ಕೆ ಸಲ್ಲಬೇಕು. ರಾತ್ರಿ ಹನ್ನೊಂದರ ನಂತರ ಅಲ್ಲ. ಪ್ರತಿ ವಾರ ಒಂದೇ ವಿಷಯ. ಒಬ್ಬರು ರಾಜಕಾರಣದಿಂದ, ಒಬ್ಬರು ಸಂಸ್ಕೃತಿಯ ಕ್ಷೇತ್ರದಿಂದ, ಒಬ್ಬರು ಆ ವಿಷಯದಿಂದ ನೇರ ಬಾಧಿತರಾದ ಜನಸಾಮಾನ್ಯರಿಂದ. ಉದಾಹರಣೆಗೆ ದೇವಸ್ಥಾನದ ಜಾತ್ರೆಯಲ್ಲಿ ಅಂಗಡಿ ಇಡುವವರ ವಿಷಯವಾದರೆ ಇತಿಹಾಸಕಾರರ ಜೊತೆ ಆ ಅಂಗಡಿಯವರೇ ಇರಬೇಕು. ಯಕ್ಷಗಾನ ಮೇಳಗಳ ಆಟದ ಸಮಯಕ್ಕೆ ಸಂಬಂಧಿಸಿದ ಆದೇಶವಾದರೆ ಭಾಗವತರೂ ಇರಬೇಕು, ರಾತ್ರಿ ನಿದ್ದೆಗೆಟ್ಟ ನೆರೆಮನೆಯವರೂ ಇರಬೇಕು. ಲಿಖಿತ ಪ್ರತಿ ಮೊದಲೇ ಕೇಳಬಾರದು. ಕೇಳುಗರ ಫೋನ್ ಕರೆ, ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳನ್ನು ಸ್ವೀಕರಿಸಬೇಕು.

ಇದಕ್ಕೆ ಆಕಾಶವಾಣಿಯ ಪ್ರಸಾರ ಸಂಹಿತೆ ಅಡ್ಡಿ ಎಂಬ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಸಂಹಿತೆಯನ್ನು ನಾವು ಗೌರವದಿಂದ ಓದಿದ್ದೇವೆ. ಪಕ್ಷದ ಹೆಸರು ಹಿಡಿದು ದಾಳಿ ಮಾಡುವುದನ್ನು, ರಾಜ್ಯ ಅಥವಾ ಕೇಂದ್ರದ ವಿರುದ್ಧ ದ್ವೇಷದ ಟೀಕೆಯನ್ನು ಅದು ತಡೆಯುತ್ತದೆ. ಧರ್ಮ, ಸಮುದಾಯಗಳ ಮೇಲಿನ ದಾಳಿಯನ್ನೂ ತಡೆಯುತ್ತದೆ. ಆ ತಡೆ ನಮಗೂ ಬೇಕು. ಆದರೆ ಒಂದು ನೀತಿಯನ್ನು ಪ್ರಶ್ನಿಸುವುದು ದಾಳಿಯಲ್ಲ. ಸಂವಿಧಾನಬದ್ಧ ದಾರಿಯಲ್ಲಿ ಸಂವಿಧಾನದ ಬದಲಾವಣೆ ಕೇಳುವುದನ್ನೂ ನಿಷೇಧಿಸಬಾರದು ಎಂದು ಅದೇ ಸಂಹಿತೆ ಹೇಳಿರುವಾಗ, ಪಠ್ಯಪುಸ್ತಕದ ಒಂದು ಪಾಠದ ಬಗ್ಗೆ ಮಾತಾಡಲು ನಿಲಯಗಳು ಯಾಕೆ ಹೆದರಬೇಕು? ಹೆದರಿಕೆ ಇರುವುದು ನಿಯಮದಲ್ಲಲ್ಲ, ಮೇಲಿನಿಂದ ಬರಬಹುದಾದ ಫೋನ್ ಕರೆಯಲ್ಲಿ. ಆದ್ದರಿಂದ ಸಂವಾದದ ವಿಷಯ ಮತ್ತು ಅತಿಥಿಗಳ ಆಯ್ಕೆಯಲ್ಲಿ ನಿಲಯದ ನಿರ್ಧಾರವೇ ಅಂತಿಮ ಎಂದು ಮಂಡಳಿ ಲಿಖಿತ ಸುತ್ತೋಲೆ ಹೊರಡಿಸಬೇಕು. ಸಂಹಿತೆ ಮೀರಿದ ದೂರು ಬಂದರೆ ಪ್ರಸಾರದ ನಂತರ ವಿಚಾರಣೆ ನಡೆಯಲಿ. ಪ್ರಸಾರಕ್ಕೆ ಮೊದಲೇ ಬಾಯಿ ಕಟ್ಟುವುದು ಬೇಡ. ಒಳ್ಳೆಯ ಕಾರ್ಯಕ್ರಮಾಧಿಕಾರಿಗಳು ಇಂದಿಗೂ ನಮ್ಮ ನಿಲಯಗಳಲ್ಲಿದ್ದಾರೆ. ಈ ರಕ್ಷಣೆ ಸಿಕ್ಕಿದರೆ ಅವರು ಏನು ಮಾಡಬಲ್ಲರು ಎಂಬುದು ನಮಗೆ ಗೊತ್ತು.

ಹಾಗೆಯೇ, ಖಾಲಿ ಇರುವ ಕಾರ್ಯಕ್ರಮ ಹುದ್ದೆಗಳನ್ನು ತುಂಬಬೇಕು, ಹೊರಗಿನಿಂದ ಬರುವ ಸಂವಾದಕರಿಗೆ ಗೌರವದ ಸಂಭಾವನೆ ಕೊಡಬೇಕು. ಸಂವಾದ ನಡೆಸುವುದು ಕಲಿಯಬೇಕಾದ ಕಸುಬು. ಹಿಂದೆ ಅದನ್ನು ಹಿರಿಯರ ಪಕ್ಕದಲ್ಲಿ ಕೂತು ಕಲಿಯುತ್ತಿದ್ದರು. ಈಗ ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿರಿಯರೇ ನಿವೃತ್ತರಾಗುತ್ತಿದ್ದಾರೆ.

ಗಡಿಯ ಕೇಳುಗರ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವರು, ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರ, ಅಕ್ಕಲಕೋಟೆಯವರು ಕರ್ನಾಟಕದ ಮತದಾರರಲ್ಲ. ಆದರೂ ಕನ್ನಡ ಶಾಲೆ, ಕನ್ನಡ ಫಲಕ, ಕನ್ನಡ ಪರೀಕ್ಷೆಯಂಥ ವಿಷಯಗಳಲ್ಲಿ ರಾಜಕೀಯ ತೀರ್ಮಾನಗಳ ಬಿಸಿ ಅವರಿಗೇ ಮೊದಲು ತಟ್ಟುತ್ತದೆ. ಮಂಗಳೂರು ನಿಲಯ ತುಳು, ಕೊಂಕಣಿಗಳಿಗೆ, ಮಡಿಕೇರಿ ನಿಲಯ ಕೊಡವಕ್ಕೆ ಜಾಗ ಕೊಟ್ಟಿರುವುದನ್ನು ನಾವು ಮೆಚ್ಚುತ್ತೇವೆ. ಅಂಥ ಭಾಷೆಗಳಲ್ಲೂ ಈ ಸಂವಾದಗಳು ನಡೆಯಬೇಕು. ಸ್ಥಳೀಯ ನಿಲಯಗಳ ಸ್ವಂತ ಸಮಯವನ್ನು ಕಡಿತಗೊಳಿಸಿ ಎಲ್ಲವನ್ನೂ ಒಂದೇ ಊರಿನಿಂದ ಪ್ರಸಾರ ಮಾಡುವ ಯಾವ ಯೋಜನೆಯನ್ನೂ ಕರ್ನಾಟಕದಲ್ಲಿ ಕೈಗೊಳ್ಳಬಾರದು. ನ್ಯೂಸ್ ಆನ್ ಏರ್ ಆ್ಯಪ್ ಮೂಲಕ ದುಬೈ, ಸಿಂಗಪುರದಲ್ಲಿ ಕೇಳುವ ಕನ್ನಡಿಗರಿಗೆ ಸಮಯದ ವ್ಯತ್ಯಾಸದಿಂದ ನೇರ ಪ್ರಸಾರ ತಪ್ಪುತ್ತದೆ. ಪ್ರತಿ ಸಂವಾದವನ್ನೂ ಮರುದಿನವೇ ಪಾಡ್‌ಕಾಸ್ಟ್ ಆಗಿ ಉಳಿಸಬೇಕು.

ಇದಕ್ಕೆ ಸೇರಿದ್ದೇ ಧ್ವನಿ ಭಂಡಾರದ ಬೇಡಿಕೆ. ಟೇಪಿನ ಅಭಾವದ ಕಾಲದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿದ್ದುಂಟು ಎಂದು ಹಿರಿಯ ಸಿಬ್ಬಂದಿಯೇ ಹೇಳುತ್ತಾರೆ. ಉಳಿದದ್ದನ್ನಾದರೂ ಕಾಪಾಡಬೇಕು. ಕರ್ನಾಟಕದ ನಿಲಯಗಳಲ್ಲಿರುವ ಭಾಷಣ, ಸಂದರ್ಶನ, ಚರ್ಚೆಗಳ ಪೂರ್ಣ ಪಟ್ಟಿಯನ್ನು ವರ್ಷದೊಳಗೆ ಪ್ರಕಟಿಸಿ, ಡಿಜಿಟಲೀಕರಿಸಿ, ಶಾಲೆ, ವಿಶ್ವವಿದ್ಯಾಲಯ, ಸಂಶೋಧಕರಿಗೆ ಉಚಿತವಾಗಿ ತೆರೆಯಬೇಕು. ದೆಹಲಿಯಲ್ಲಿ 1955ರಿಂದ ನಡೆದುಬಂದ ಸರ್ದಾರ್ ಪಟೇಲ್ ಸ್ಮಾರಕ ಉಪನ್ಯಾಸಗಳ ಮಾದರಿಯಲ್ಲಿ ಕನ್ನಡದಲ್ಲೂ ವಾರ್ಷಿಕ ಸಾರ್ವಜನಿಕ ಉಪನ್ಯಾಸವೊಂದನ್ನು ಜಿಲ್ಲಾ ಕೇಂದ್ರಗಳಲ್ಲಿ ಸರದಿಯ ಪ್ರಕಾರ ನಡೆಸಿ, ನಂತರದ ಪ್ರಶ್ನೋತ್ತರವನ್ನೂ ಪ್ರಸಾರ ಮಾಡಬೇಕು.

ಸಮುದಾಯ ಬಾನುಲಿಗಳಿಗೆ ತಮ್ಮ ಊರಿನ ವಿಷಯಗಳ ಮೇಲೆ ಸುದ್ದಿ ಹಾಗೂ ಚರ್ಚೆ ನಡೆಸಲು ಅವಕಾಶ ಕೊಡುವಂತೆ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಮಂಡಳಿ ಶಿಫಾರಸು ಮಾಡಬೇಕು. ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು ಪರವಾನಗಿ ಸಿಗದಿದ್ದಾಗ ಕೇಬಲ್ ಎಳೆದು ‘ನಮ್ಮ ಧ್ವನಿ’ ಪ್ರಸಾರ ಮಾಡಿದ್ದರು. ಅಷ್ಟು ಹಟದಿಂದ ಮಾತಾಡಲು ಬಯಸುವ ಜನರ ಬಾಯಿಗೆ ಬೀಗ ಬೇಡ.

ಈ ಬೇಡಿಕೆಗಳ ಬಗ್ಗೆ ಮಂಡಳಿಯ ಮುಂದಿನ ಸಭೆಯಲ್ಲಿ ಚರ್ಚಿಸಿ, ತೀರ್ಮಾನವನ್ನು ಲಿಖಿತವಾಗಿ, ಕನ್ನಡದಲ್ಲಿ, ಬೆಂಗಳೂರು ನಿಲಯದ ಮೂಲಕ ನಮಗೆ ತಿಳಿಸಬೇಕೆಂದು ಕೋರುತ್ತೇವೆ. ಮೊದಲ ಆರು ಸಂವಾದಗಳಿಗೆ ವಿಷಯಗಳ ಪಟ್ಟಿ ಮತ್ತು ಕೇಳುಗರ ಸಹಿಗಳನ್ನು ಲಗತ್ತಿಸಿದ್ದೇವೆ. ಈ ವಿಷಯದ ಮೇಲೆ ಮಂಡಳಿ ಕರೆದರೆ ನಮ್ಮ ಪ್ರತಿನಿಧಿಗಳು ಬಂದು ಮಾತಾಡಲು ಸಿದ್ಧರಿದ್ದಾರೆ.

ತಮ್ಮ ವಿಶ್ವಾಸಿಗಳು,
ಕರ್ನಾಟಕ ಮತ್ತು ಹೊರನಾಡಿನ ಕನ್ನಡ ಬಾನುಲಿ ಕೇಳುಗರು

ಪ್ರತಿ: ಕಾರ್ಯದರ್ಶಿಗಳು, ಮಾಹಿತಿ ಮತ್ತು ಪ್ರಸಾರ ಸಚಿವಾಲಯ, ನವದೆಹಲಿ