ಆಟದ ಡಬ್ಬಿ ದುಡಿದ್ರ ಕರೆಂಟ್ ಬಿಲ್ಲು ಯಾರದು?

ಹುಡುಗ್ರು ಆಟದ ಡಬ್ಬಿ ಮುಂದ ಕೂತ್ರ ನಾವೆಲ್ಲಾ ಬೈತೀವಿ. ನಾನೂ ಬೈಯೋಕಿನ. ಆದ್ರ ಆ ಡಬ್ಬಿ ಒಂದು ಕಾಲಕ್ಕ, ಯಾರೂ ಆಡಲಾರದಾಗ, ರೋಗದ ಸಂಶೋಧನಾಕ್ಕ ಲೆಕ್ಕಾ ಮಾಡಿ ಕೊಡ್ತಿತ್ತು ಅಂದ್ರ ನಂಬ್ತೀರೇನು? ನಾ ಕಣ್ಣಾರೆ ನೋಡೀನಿ.

2007ರ ಚಳಿಗಾಲದಾಗ ಮಗಳ ಬಾಣಂತನಕ್ಕಂತ ಕ್ಯಾಲಿಫೋರ್ನಿಯಾಕ್ಕ ಹೋಗಿದ್ದೆ. ರಾತ್ರಿ ಕೂಸು ಅತ್ತಾಗ ಎದ್ದು ಹೊರಗ ಬಂದ್ರ ಟಿವಿ ಹಚ್ಚಿದ್ದ ಇತ್ತು. ಅದರಾಗ ಬಣ್ಣದ ಮಣಿ ಪೋಣಿಸಿಧಂಗ ಏನೋ ತಿರುಗ್ತಿತ್ತು, ಭೂಗೋಳದ ಮ್ಯಾಲೆ ಚುಕ್ಕಿ ಚುಕ್ಕಿ ದೀಪ. ಕೆಳಗ ಪ್ಲೇಸ್ಟೇಷನ್ 3 ಗುಂಯ್ ಅಂತಿತ್ತು. ಮರ್ತಾರ ಅಂತ ಆರಿಸಿಬಿಟ್ಟೆ. ಮುಂಜಾನೆ ಅಳಿಯಂದ್ರು ಅಂದ್ರು, "ಅತ್ಯಾ, ಅದು ಆಟ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲಸ ಮಾಡಲಿಕ್ಕತ್ತಿತ್ತು."

ಫೋಲ್ಡಿಂಗ್ ಅಟ್ ಹೋಮ್ ಅಂತ ಅದರ ಹೆಸರು. ವಿಜಯ್ ಪಾಂಡೆ ಅನ್ನೋ ಪ್ರಾಧ್ಯಾಪಕರು 2000ದಾಗ ಶುರು ಮಾಡಿದ್ದು. ನಮ್ಮ ಮೈಯಾಗಿನ ಪ್ರೋಟೀನ್ ಉದ್ದನ್ನ ಸರದಂಗ ತಯಾರಾಗ್ತದ, ಆಮ್ಯಾಲೆ ತಾನ ಮಡಚಿಕೊಂಡು ಒಂದು ಆಕಾರಕ್ಕ ಬರ್ತದ. ಸೀರಿ ನಿರಿಗಿ ಇದ್ಧಂಗ ಅಂತ ತಿಳ್ಕೋರಿ. ನಿರಿಗಿ ತಪ್ಪಿದ್ರ ಕೆಲವು ಪ್ರೋಟೀನ್ ಗಂಟುಗಂಟಾಗಿ ಕೂಡ್ತಾವ. ಅಲ್‌ಝೈಮರ್, ಪಾರ್ಕಿನ್ಸನ್ ಅಂಥಾ ಬ್ಯಾನಿಗೂ ಇದಕ್ಕೂ ಸಂಬಂಧ ಅದ. ಅದು ಹ್ಯಾಂಗ ಮಡಚತದ ಅಂತ ಲೆಕ್ಕಾ ಹಾಕಲಿಕ್ಕೆ ಒಂದು ಕಂಪ್ಯೂಟರಿಗೆ ಜನ್ಮ ಸಾಲೂದಿಲ್ಲ. ಅದಕ್ಕ ಬ್ಯಾಸಿಗ್ಯಾಗ ನಾವು ಓಣಿಯವರೆಲ್ಲಾ ಕೂಡಿ ಹಪ್ಪಳಾ ಮಾಡಿಧಂಗ, ಮನಿಮನಿಗೆ ಒಂದೊಂದು ಉಂಡಿ ಹಂಚಿಬಿಡೋದು. ಅವರವರು ಲಟ್ಟಿಸಿ ತಿರುಗಿ ಕಳಸೋದು.

ಇದನ್ನ ಕೇಳಿದ ಮ್ಯಾಲೆ ನಾ ಆ ಸ್ವಿಚ್ಚಿಗೆ ಕೈ ಹಚ್ಚಲಿಲ್ಲ. ಯಾಕಂದ್ರ ಆವಾಗ ಇಲ್ಲೆ ನಮ್ಮವ್ವಗ ಮರವು ಶುರುವಾಗಿತ್ತು. ದೇವರ ದೀಪಾ ಹಚ್ಚಿ, ಐದು ನಿಮಿಷಕ್ಕ ಮತ್ತ ಹಚ್ಚಲಿಕ್ಕೆ ಹೋಗ್ತಿದ್ದಳು.

ಆದ್ರ "ಸುಮ್ನ ಬಿದ್ದ ಯಂತ್ರ, ಪುಕ್ಕಟ ಸೇವಾ" ಅಂತಾರಲ್ಲ, ಅದನ್ನ ನಾ ಒಪ್ಪೂದಿಲ್ಲ. ಮೊದಲನೇ ಪ್ಲೇಸ್ಟೇಷನ್ 3 ಈ ಕೆಲಸಕ್ಕ ಸುಮಾರು 200 ವ್ಯಾಟ್ ತಿಂತಿತ್ತು. ರಾತ್ರಿ ಎಂಟು ತಾಸು ಅಂದ್ರ 1.6 ಯುನಿಟ್, ತಿಂಗಳಿಗೆ 48. ಒಂದು ಸಣ್ಣ ಮನಿ ಫ್ಯಾನು, ದೀಪಾ ಎಲ್ಲಾ ಇದರಾಗ ನಡೀತಾವ. ಅಲ್ಲೆ ಚಳಿಗಾಲ, ಡಬ್ಬಿ ಬಿಸಿಗೆ ಪಡಸಾಲಿ ಬೆಚ್ಚಗಿರ್ತಿತ್ತು, ನಡೀತು. ನಮ್ಮ ಮೇ ತಿಂಗಳಾಗ ಹಚ್ಚಿದ್ರ ಮ್ಯಾಲೆ ಫ್ಯಾನಿನ ಖರ್ಚು ಬ್ಯಾರೆ! ಬಿಲ್ಲು ತುಂಬ್ತಿದ್ದಾಕಿ ನನ್ನ ಮಗಳು. ಆಕಿನ್ನ ಒಂದು ಮಾತು ಕೇಳಿದ್ದಿಲ್ಲ. ದಾನಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಯಾರ ಪರ್ಸಿನಿಂದ ಅಂತ ಮನ್ಯಾಗ ಕೂತು ಮಾತಾಡ್ರಿ.

ಇನ್ನ ದೊಡ್ಡ ಲೆಕ್ಕಾ ನೋಡ್ರಿ. ಆ 2007ರ ಮಾರ್ಚಿನಾಗ ಪ್ಲೇಸ್ಟೇಷನ್ ಸೇರ್ಕೊಂಡ್ವು, ಸೆಪ್ಟೆಂಬರದಾಗ ಎಲ್ಲಾ ಯಂತ್ರ ಕೂಡಿ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕಾ ಮಾಡಿ ಗಿನ್ನೆಸ್ ದಾಖಲಿಗೆ ಹೋದ್ವು. 2012ರ ನವೆಂಬರದಾಗ ಸೋನಿಯವರು ನಿಲ್ಲಿಸಿದ್ರು. ಆ ಹೊತ್ತಿಗೆ ಒಂದೂವರಿ ಕೋಟಿ ಮಂದಿ, ಹತ್ತು ಕೋಟಿ ತಾಸು. ಭಾಗಿಸಿದ್ರ ತಲಿಗೆ ಏಳು ತಾಸು ಸುದ್ದಾ ಬರೂದಿಲ್ಲ! ಅಂದ್ರ ಬಹಳ ಮಂದಿ ಒಂದು ರಾತ್ರಿ ಹಚ್ಚಿ ಬಿಟ್ಟಿರಬೇಕು. ನಮ್ಮ ಸಂಕಲ್ಪಗೋಳೂ ಹಂಗ ಅಲ್ಲೇನು, ಮೊದಲನೇ ಶ್ರಾವಣ ಸೋಮವಾರ ಎಲ್ಲಾರೂ ಉಪಾಸ!

ಔಷಧ ಬಂತೇನು ಅಂತ ಕೇಳಬ್ಯಾಡ್ರಿ. ಅವ್ವ ಕಡೀಕ ನನ್ನ ಹೆಸರೂ ಮರ್ತು ಹೋದಳು. ಇಂಥಾ ಲೆಕ್ಕ ಸಂಶೋಧಕರಿಗೆ ಒಂದು ಮೆಟ್ಟಲ ಅಷ್ಟ. ಆದ್ರ ಮೆಟ್ಟಲ ಖರೇನ ಇತ್ತು. 2020ರಾಗ ಕೊರೋನಾ ಬಂದಾಗ ಅದ ಕೆಲಸಕ್ಕ ಮತ್ತ ಲಕ್ಷಗಟ್ಟಲೆ ಮಂದಿ ತಮ್ಮ ಕಂಪ್ಯೂಟರ್ ಹಚ್ಚಿದ್ರು, ವೈರಾಣುವಿನ ಪ್ರೋಟೀನ್ ಲೆಕ್ಕಾ ನಡೀತು.

ಅವತ್ತಿನ ಆ ಕೂಸು ಈಗ ಕಾಲೇಜಿಗೆ ಹೋಗ್ತಾನ. ಮೊನ್ನೆ ಫೋನಿನಾಗ, "ಅಜ್ಜೀ, ರಾತ್ರಿ ನನ್ನ ಕಂಪ್ಯೂಟರ್ ಹಚ್ಚಿಡ್ಲೇನು ಅದಕ್ಕ?" ಅಂದ. ಹಚ್ಚು, ಆದ್ರ ಅವ್ವನ್ನ ಕೇಳಿ ಹಚ್ಚು, ಮೀಟರ್ ನೋಡಿ ಬರದಿಡು ಅಂದೀನಿ. ಮೊದಲನೇ ತಿಂಗಳದ್ದು ನಾ ಕೊಡ್ತೀನಿ.