‘ಕುಡಿದಾಗ ಮಾತ್ರ ಸೇದ್ತೀನಿ’ ಎಂಬ ಲೆಕ್ಕ ಎಲ್ಲಿ ತಪ್ಪುತ್ತದೆ?

‘ಮಗಾ, ನಾನು ಸ್ಮೋಕರ್ ಅಲ್ಲ. ಕುಡಿದಾಗ ಮಾತ್ರ ಸೇದ್ತೀನಿ.’ ಹಾಸ್ಟೆಲ್‌ನಲ್ಲಿ ಈ ಮಾತನ್ನು ನಾನು ಹತ್ತಾರು ಬಾರಿ ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬನ ಬರ್ತ್‌ಡೇ ರಾತ್ರಿ ಅರ್ಧ ಬಿಯರ್ ಮುಗಿಯುವಷ್ಟರಲ್ಲಿ ಕೈಗೆ ಸಿಗರೇಟ್ ಬಂದಿತ್ತು. ಯಾರು ಕೊಟ್ಟರೆಂಬುದೂ ನೆನಪಿಲ್ಲ.

ತಂಬಾಕಿಗೆ ಸಂಬಂಧಿಸಿದ ರಾಜ್ಯದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ತಂಬಾಕು ಉತ್ಪನ್ನ ಖರೀದಿಸುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1000 ಆಯಿತು, ಹುಕ್ಕಾ ಬಾರ್‌ಗಳಿಗೆ ನಿಷೇಧ ಬಿತ್ತು. ನನಗೆ ಈಗ 20. ಅಂದರೆ ಕಾನೂನಿನ ಪ್ರಕಾರ ನನಗೆ ಯಾರೂ ಸಿಗರೇಟ್ ಮಾರುವಂತಿಲ್ಲ. ಆದರೂ ನಮ್ಮ ಬಸ್ ಸ್ಟಾಪ್ ಹಿಂದಿನ ಗೂಡಂಗಡಿಯಲ್ಲಿ ಇವತ್ತಿನವರೆಗೆ ಯಾರೂ ನಮ್ಮ ವಯಸ್ಸು ಕೇಳಿಲ್ಲ.

ಧೂಮಪಾನ ಮತ್ತು ಮದ್ಯಪಾನವನ್ನು ನಾವು ಎರಡು ಬೇರೆ ಚಟಗಳೆಂದು ಎಣಿಸುತ್ತೇವೆ. ಅಂಕಿಅಂಶ ಏನು ಹೇಳುತ್ತದೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ 38ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ, ಶೇ 18.8ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಪ್ರಾಬಬಿಲಿಟಿ ಓದಿದವರು ಇಲ್ಲೊಂದು ಲೆಕ್ಕ ಹಾಕಬಹುದು. ಈ ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲದಿದ್ದರೆ, ಎರಡನ್ನೂ ಮಾಡುವವರು ನೂರಕ್ಕೆ ಸುಮಾರು ಏಳು ಮಂದಿ ಇರಬೇಕು. ಆಗ ಕುಡಿಯುವವರಲ್ಲೂ ಕುಡಿಯದವರಲ್ಲೂ ತಂಬಾಕು ಬಳಸುವವರ ಪ್ರಮಾಣ ಒಂದೇ ಆಗಿರುತ್ತಿತ್ತು. ವಾಸ್ತವ ಹಾಗಿಲ್ಲ. ಕುಡಿಯುವವರಲ್ಲಿ ತಂಬಾಕಿನ ಬಳಕೆ ತೀರಾ ಹೆಚ್ಚು ಎಂಬುದು ದೇಶ ವಿದೇಶದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಒಂದು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ.

ಯಾಕೆ ಹೀಗೆ? ಮೊದಲ ಕಾರಣ ಮೆದುಳಿನಲ್ಲೇ ಇದೆ. ನಿಕೋಟಿನ್ ಮತ್ತು ಆಲ್ಕೋಹಾಲ್ ಎರಡೂ ಡೋಪಮೈನ್ ಬಿಡುಗಡೆಯ ವ್ಯವಸ್ಥೆಯನ್ನೇ ತಟ್ಟುತ್ತವೆ. ಆಲ್ಕೋಹಾಲ್ ಮಂಪರು ತರಿಸುತ್ತದೆ, ನಿಕೋಟಿನ್ ಎಚ್ಚರಿಸುತ್ತದೆ. ಹಾಗಾಗಿ ಸೇದುತ್ತಾ ಕುಡಿಯುವವನಿಗೆ ತನಗೆ ಎಷ್ಟು ಏರಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಇತ್ತ ಕುಡಿದಾಗ ‘ಬೇಡ’ ಎನ್ನುವ ಹಿಡಿತ ಸಡಿಲಾಗುತ್ತದೆ. ತಿಂಗಳುಗಟ್ಟಲೆ ಸಿಗರೇಟ್ ಬಿಟ್ಟವರು ಒಂದು ಪಾರ್ಟಿಯಲ್ಲಿ ಮತ್ತೆ ಶುರು ಮಾಡುವುದು ಇದರಿಂದಲೇ.

ಎರಡನೆಯದು ಸಾಮಾಜಿಕ ಕಾರಣ. ಅದೇ ಸಮೀಕ್ಷೆಯಲ್ಲಿ ತಂಬಾಕು ಬಳಸುವ ಗಂಡಸರು ನಗರದಲ್ಲಿ ಶೇ 28.8 ಇದ್ದರೆ ಹಳ್ಳಿಯಲ್ಲಿ ಶೇ 42.7. ಶಿಕ್ಷಣದ ಮಟ್ಟ ಏರಿದಂತೆ ತಂಬಾಕಿನ ಬಳಕೆ ಇಳಿಯುತ್ತದೆ. ಹೆಂಗಸರಲ್ಲಿ ಮದ್ಯಪಾನ ಶೇ 1.3 ಮಾತ್ರ. ‘ಗಂಡಸು ಅಂದಮೇಲೆ ಇದೆಲ್ಲಾ ಇದ್ದದ್ದೇ’ ಎಂಬ ಒಪ್ಪಿಗೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೈಮುರಿಯುವ ದುಡಿಮೆ, ರಾತ್ರಿ ಪಾಳಿ, ಮನೆಯಿಂದ ದೂರದ ಬದುಕು ಇದಕ್ಕೆ ಸೇರಿಕೊಳ್ಳುತ್ತವೆ. ಓದಿದವರು ಪಾರಾಗಿದ್ದಾರೆ ಎಂದೇನಲ್ಲ. ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಚಿಂತೆ, ಜೊತೆಗಾರರ ಒತ್ತಾಯ ನಮ್ಮ ಪಾಲಿಗಿವೆ.

ಮೂರನೆಯದು ಸುಲಭವಾಗಿ ಸಿಗುವುದು. ಬಾರ್ ಬಾಗಿಲ ಪಕ್ಕದಲ್ಲೇ ಸಿಗರೇಟ್, ಗುಟ್ಕಾ ಅಂಗಡಿ ಇಲ್ಲದ ಊರು ನಾನು ನೋಡಿಲ್ಲ. ಬಿಡಿ ಸಿಗರೇಟ್ ಮಾರಬಾರದೆಂದು ರಾಜ್ಯ ಸರ್ಕಾರ 2017ರಲ್ಲೇ ಆದೇಶಿಸಿದೆ, ಆದರೂ ಅದು ಬಿಡಿಯಾಗಿಯೇ ಸಿಗುತ್ತದೆ. ಇಡೀ ಪ್ಯಾಕ್ ಕೊಳ್ಳಬೇಕಿದ್ದರೆ ಆ ಬರ್ತ್‌ಡೇ ರಾತ್ರಿ ನಾವು ಯೋಚಿಸುತ್ತಿದ್ದೆವೇನೋ.

ಇಲ್ಲಿ ಸರ್ಕಾರದ ದ್ವಂದ್ವವನ್ನೂ ಹೇಳಬೇಕು. ತಂಬಾಕು ನಿಯಂತ್ರಣ ಆರೋಗ್ಯ ಇಲಾಖೆಯ ಕೆಲಸ. ಮದ್ಯ ಅಬಕಾರಿ ಇಲಾಖೆಯ ಕೈಯಲ್ಲಿದೆ, 2025-26ರ ಬಜೆಟ್‌ನಲ್ಲಿ ಅದಕ್ಕೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಒಂದು ಇಲಾಖೆ ಬಿಡಿಸಲು ಹೊರಟಿದ್ದರೆ ಇನ್ನೊಂದಕ್ಕೆ ಮಾರಾಟ ಏರಬೇಕು. ಎರಡೂ ಚಟ ಇರುವುದು ಒಂದೇ ದೇಹದಲ್ಲಿ ಎಂಬುದು ಯಾವ ಕಡತದಲ್ಲೂ ಬರುವುದಿಲ್ಲ.

ಆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನಾನು ಮನೆಯಲ್ಲೇ ನೋಡಿದೆ. ನನ್ನ ಸೋದರಮಾವ ಲಾರಿ ಓಡಿಸುತ್ತಿದ್ದರು. ಟ್ರಿಪ್ ಮುಗಿದ ರಾತ್ರಿ ಕ್ವಾರ್ಟರ್, ಅದರ ಜೊತೆ ಬೀಡಿ. ನಾಲಿಗೆಯ ಅಂಚಿನಲ್ಲಿ ಎದ್ದ ಹುಣ್ಣು ಮಾಯಲಿಲ್ಲ. ಆಪರೇಷನ್‌ನಲ್ಲಿ ಅರ್ಧ ನಾಲಿಗೆ ಹೋಯಿತು. ತಂಬಾಕು ಮತ್ತು ಮದ್ಯ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳೆಂದು ಗುರುತಿಸಿದೆ. ತಂಬಾಕಿನ ವಿಷ ಬಾಯಿಯ ಒಳಪದರಕ್ಕೆ ಸುಲಭವಾಗಿ ಇಳಿಯಲು ಆಲ್ಕೋಹಾಲ್ ದಾರಿ ಮಾಡಿಕೊಡುತ್ತದೆ. ಹಾಗಾಗಿ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ವಿಷಯದಲ್ಲಿ ಎರಡರ ಅಪಾಯವನ್ನು ಕೂಡಿಸಿದರೆ ಸಾಲದು, ಹೆಚ್ಚುಕಡಿಮೆ ಗುಣಿಸಬೇಕಾಗುತ್ತದೆ.

ಮಾವ ಈಗ ನನ್ನೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಮಾತಾಡುತ್ತಾರೆ. ‘ಬೀಡಿ ಮೂರು ಸಲ ಬಿಟ್ಟಿದ್ದೆ ಕಣೋ. ಎಣ್ಣೆ ಬಿಡಲಿಲ್ಲ, ಅದಕ್ಕೇ ಬೀಡಿ ಮತ್ತೆ ಬಂತು’ ಎಂದು ಒಮ್ಮೆ ಟೈಪ್ ಮಾಡಿದ್ದರು. ನಾನು ಓದಿದ ಅಷ್ಟೂ ಅಂಕಿಅಂಶಗಳ ಸಾರ ಅದರಲ್ಲೇ ಇತ್ತು.

ಪರಿಹಾರವೂ ಅಲ್ಲಿಂದಲೇ ಶುರುವಾಗಬೇಕು. ಸಿಗರೇಟ್ ಬಿಡಲು ಬಂದವರನ್ನು ವೈದ್ಯರು ಕುಡಿತದ ಬಗ್ಗೆಯೂ ಕೇಳಬೇಕು. ಬಾರ್ ಸುತ್ತಲಿನ ತಂಬಾಕು ಮಾರಾಟದ ಮೇಲೂ ನಿರ್ಬಂಧ ಬೇಕು. ಕಾಲೇಜುಗಳು ವರ್ಷಕ್ಕೊಮ್ಮೆ ಪ್ರತಿಜ್ಞೆ ಓದಿಸುವ ಬದಲು ಆಪ್ತಸಮಾಲೋಚಕರನ್ನು ನೇಮಿಸಲಿ. ಬಿಡಬೇಕೆಂದವರಿಗೆ ತಂಬಾಕು ಕ್ವಿಟ್‌ಲೈನ್ 1800-11-2356 ಇದೆ. ಮನಸ್ಸಿನ ಒತ್ತಡವಿದ್ದರೆ ಟೆಲಿ ಮಾನಸ್ 14416 ಇದೆ. ಎರಡೂ ಉಚಿತ.

ಕಳೆದ ತಿಂಗಳು ಮತ್ತೊಂದು ಬರ್ತ್‌ಡೇ ಇತ್ತು. ನಾನು ಹೋದೆ, ಬಿರಿಯಾನಿ ತಿಂದು ಹತ್ತು ಗಂಟೆಗೆ ಎದ್ದು ಬಂದೆ. ‘ಯಾಕೋ ಬೇಗ?’ ಎಂದರು. ಮಾವನ ಮೆಸೇಜ್ ತೋರಿಸಬೇಕೆನಿಸಿತು, ತೋರಿಸಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.