ನರದ ಸಂದೇಶ ಓದಲು ನೂರು ಕಿ.ಮೀ. ಪಯಣ

ಕಾಸರಕೋಡ (ಹೊನ್ನಾವರ): ಶರಾವತಿಯು ಕಡಲು ಸೇರುವ ಈ ಮೀನುಗಾರರ ಊರಿನಲ್ಲಿ ಯಾರದಾದರೂ ಕೈಕಾಲಿನ ಬಲ ಕುಂದಿದರೆ, ನರತಜ್ಞರನ್ನು ಅರಸಿ ನೂರು ಕಿ.ಮೀ.ಗೂ ಆಚೆಯ ಮಣಿಪಾಲಕ್ಕೆ ಹೊರಡುವುದು ರೂಢಿ.

ದೋಷ ನರದ್ದೋ ಸ್ನಾಯುವಿನದೋ ಎಂಬುದನ್ನು ತಿಳಿಯಲು ನೆರವಾಗುವುದು ನರವಹನ ಪರೀಕ್ಷೆ ಮತ್ತು ಇಎಂಜಿ. ಚರ್ಮದ ಮೇಲಿಂದ ನರಕ್ಕೆ ಅಲ್ಪ ವಿದ್ಯುತ್ ಪ್ರಚೋದನೆ ನೀಡಿ, ಸಂದೇಶ ಸಾಗುವ ವೇಗವನ್ನು ಅಳೆಯಲಾಗುತ್ತದೆ. ಆರೋಗ್ಯವಂತ ವಯಸ್ಕರ ಮುಂಗೈ ನರದಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಅದಕ್ಕಿಂತ ಹೆಚ್ಚು.

ಇದು ಎಂಆರ್‌ಐನಂತಹ ಭಾರೀ ಯಂತ್ರವಲ್ಲ. ಪ್ರಚೋದಕ, ಆಂಪ್ಲಿಫೈಯರ್, ಕಂಪ್ಯೂಟರ್ ಎಂಬ ಬಿಡಿ ಘಟಕಗಳ ಜೋಡಣೆ. ಒಂದು ಮೇಜಿನ ಮೇಲೆ ಹಿಡಿಸುತ್ತದೆ. ಕಷ್ಟವಿರುವುದು ಪರದೆಯ ಅಲೆಗಳನ್ನು ಓದಬಲ್ಲ ತಜ್ಞರನ್ನು ಇಲ್ಲಿ ಉಳಿಸಿಕೊಳ್ಳುವುದರಲ್ಲಿ.

ವಿಳಂಬದ ಬೆಲೆ ದೊಡ್ಡದು. ಗಿಲ್ಲನ್ ಬಾರೆ ಸಿಂಡ್ರೋಮ್‌ನಲ್ಲಿ ಕಾಲಿನಿಂದ ಆರಂಭವಾದ ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಉಸಿರಾಟದ ಸ್ನಾಯುಗಳನ್ನು ತಲುಪಬಹುದು. ಇಮ್ಯುನೋಗ್ಲಾಬ್ಯುಲಿನ್ ಚಿಕಿತ್ಸೆ ಮೊದಲ 2 ವಾರಗಳೊಳಗೆ ದೊರೆತರೆ ಹೆಚ್ಚು ಫಲಕಾರಿ.

2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಅಸುನೀಗಿದ ಬಳಿಕ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮುಗಿಲು ಮುಟ್ಟಿತು. ಬೇಡಿಕೆ ನ್ಯಾಯಯುತವಾದದ್ದೇ. ಆದರೆ ಕಟ್ಟಡ ಏಳುವವರೆಗೂ ಕಾಯಬೇಕಾಗಿಲ್ಲದ ಸೇವೆಗಳೂ ಇವೆ. ಕರಾವಳಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆದ ತಂತ್ರಜ್ಞರು, ನಿಗದಿತ ದಿನಗಳಲ್ಲಿ ಬರುವ ನರತಜ್ಞರು, ಒಂದು ಮೇಜಿನಷ್ಟು ಉಪಕರಣ: ಇಷ್ಟಿದ್ದರೆ ಅನೇಕರ ಪಯಣ ತಪ್ಪೀತು. ಉಪಕರಣ ಕೊಂಡು ಬೀಗ ಹಾಕಿಡುವುದಾದರೆ ಮಾತ್ರ ಅದರಿಂದ ಯಾರಿಗೂ ಪ್ರಯೋಜನವಿಲ್ಲ.